ನೋಟಿಗೆ ಇಸ್ತ್ರಿ, ಮುಖಕ್ಕೆ ಗಿರಾಕಿ

ಮೆಕ್ಸಿಕೋಗೆ ಹೋಗಿ ಒಂದು ವರ್ಷ ಸುಮ್ನೆ ಇದ್ದು ಬಾ, 50,000 ಡಾಲರ್ ಕೊಡುತ್ತೇವೆ. ಯಾಕೆ ಅಂತ ಮಾತ್ರ ಕೇಳಬೇಡ.

ಡ್ಯಾನ್ ಮಿಲ್ನರ್ ಎಂಬ ಜೂಜುಕೋರನ ಮುಂದೆ ಇಂಥದ್ದೊಂದು ಮಾತು ಬಂದು ನಿಲ್ಲುತ್ತದೆ. ಅವನ ಕೈಯಲ್ಲಿ ಕಾಸಿಲ್ಲ. ರೂಮಿಗೆ ಹೋದರೆ ಅಲ್ಲಿ ಗೂಂಡಾಗಳು ಕಾಯುತ್ತಾ ಕೂತಿರುತ್ತಾರೆ, ಹೊಡೆದು ಹಾಕುತ್ತಾರೆ. ಇವನು ಇದ್ದಾನಾ ಸತ್ತನಾ ಅಂತ ವಿಚಾರಿಸುವ ಒಬ್ಬ ನೆಂಟನೂ ಇದ್ದಂತಿಲ್ಲ. ಇಷ್ಟು ದೊಡ್ಡ ಮೊತ್ತದ ಹಿಂದೆ ಏನೋ ಕೆಟ್ಟದ್ದಿದೆ ಅಂತ ಅವನಿಗೂ ಗೊತ್ತು. ಆದರೂ ಅಡ್ವಾನ್ಸ್ ಇಸಿದುಕೊಂಡು ಹೊರಡುತ್ತಾನೆ. ಹೋಗದೆ ಇನ್ನೇನು ಮಾಡುತ್ತಾನೆ?

ಇದು 1951ರ 'ಹಿಸ್ ಕೈಂಡ್ ಆಫ್ ವುಮನ್' ಸಿನಿಮಾದ ಕಥೆ. ಆರ್‌ಕೆಒ ಸ್ಟುಡಿಯೋದ ಕಪ್ಪು ಬಿಳುಪು ಕ್ರೈಮ್ ಥ್ರಿಲ್ಲರ್. ಎರಡು ಗಂಟೆ ಉದ್ದ. ಮಿಲ್ನರ್ ಪಾತ್ರದಲ್ಲಿ ರಾಬರ್ಟ್ ಮಿಚಮ್, ಜೊತೆಗೆ ಜೇನ್ ರಸೆಲ್, ವಿನ್ಸೆಂಟ್ ಪ್ರೈಸ್, ರೇಮಂಡ್ ಬರ್. ಹೆಸರು ನೋಡಿ ಇದು ಯಾವುದೋ ಪ್ರೇಮಕಥೆ ಅಂದುಕೊಂಡು ಕೂತವರಿಗೆ ಬೇರೆಯದೇ ಊಟ ಸಿಗುತ್ತದೆ. ಕ್ರೈಮ್ ಅಂತ ಕೂತವರಿಗೂ ಅಷ್ಟೇ. ಹಳೆಯ ಹಾಲಿವುಡ್ಡಿನ ಒಳ್ಳೆಯ ಥ್ರಿಲ್ಲರ್‌ಗಳ ಪಟ್ಟಿ ಮಾಡಿದರೆ ಇದನ್ನು ಮೊದಲ ಸಾಲಿನಲ್ಲಿ ಇಡಲು ನನಗೂ ಕೈ ಬರುವುದಿಲ್ಲ. ಆದರೆ ಆ ಪಟ್ಟಿಯ ಮೇಲಿನ ಎಷ್ಟೋ ಸಿನಿಮಾಗಳನ್ನು ಒಮ್ಮೆ ನೋಡಿ ಗೌರವ ಕೊಟ್ಟು ಬಿಟ್ಟಿದ್ದೇನೆ. ಇದನ್ನು ಮಾತ್ರ ಮತ್ತೆ ಮತ್ತೆ ಹಾಕಿಕೊಂಡು ನೋಡುತ್ತೇನೆ. ಯಾಕೆ ಅಂತ ಹೇಳಲು ಈ ಬರಹ.

ಮಿಲ್ನರ್ ಹೋಗಿ ಇಳಿಯುವುದು ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದ ಸಮುದ್ರ ತೀರದಲ್ಲಿರುವ ಮೊರೋಸ್ ಲಾಡ್ಜ್ ಎಂಬ ರಿಸಾರ್ಟ್‌ಗೆ. ಇದೆಲ್ಲಾ ಸ್ಟುಡಿಯೋ ಒಳಗೆ ಕಟ್ಟಿದ್ದು. ತಗ್ಗು ಚಾವಣಿ, ಉದ್ದುದ್ದ ಸೋಫಾ, ಗಾಜು, ಮರ, ಅಲ್ಲಲ್ಲಿ ಗಿಡ. ಕ್ಯಾಮೆರಾಮನ್ ಹ್ಯಾರಿ ವೈಲ್ಡ್ ಅದನ್ನು ಎಂಥಾ ಚಂದ ತೋರಿಸುತ್ತಾನೆ ಅಂದರೆ, ಕಥೆ ಎಲ್ಲಾದರೂ ಹಾಳಾಗಲಿ, ಇಲ್ಲೇ ನಾಲ್ಕು ದಿನ ಇದ್ದು ಹೋಗೋಣ ಅನ್ನಿಸುತ್ತದೆ. ಸಿನಿಮಾಕ್ಕೂ ಹಾಗೇ ಅನ್ನಿಸಿದೆ! ಮೊದಲ ಅರ್ಧದಲ್ಲಿ ಅದಕ್ಕೆ ಎಲ್ಲಿಗೂ ಹೋಗುವ ಅವಸರವೇ ಇಲ್ಲ. ಮಿಲ್ನರ್ ಬಾರಿನಲ್ಲಿ ಕೂರುತ್ತಾನೆ, ಬೀಚಿನಲ್ಲಿ ಅಡ್ಡಾಡುತ್ತಾನೆ, ಇಸ್ಪೀಟಾಡುತ್ತಾನೆ. ತನ್ನನ್ನು ಇಲ್ಲಿಗೆ ಯಾಕೆ ಕರೆಸಿದರು ಅಂತ ಅವರಿವರನ್ನು ಕೆದಕುತ್ತಾನೆ. ಯಾರೂ ಬಾಯಿ ಬಿಡುವುದಿಲ್ಲ. ಮತ್ತೆ ಬಾರಿಗೆ ಬರುತ್ತಾನೆ.

ಅಲ್ಲಿ ಸೇರಿರುವ ಅತಿಥಿಗಳನ್ನು ಒಬ್ಬೊಬ್ಬರನ್ನಾಗಿ ನೋಡುತ್ತಾ ಹೋಗಿ. ಯಾರೂ ತಾವು ಹೇಳಿಕೊಂಡವರಲ್ಲ. ಲೆನೋರ್ ಬ್ರೆಂಟ್ ತಾನು ಕೋಟ್ಯಧಿಪತಿಯ ಮನೆತನದವಳು ಅನ್ನುತ್ತಾಳೆ. ನಿಜದಲ್ಲಿ ಅವಳು ಲಿಜ್ ಬ್ರೇಡಿ ಎಂಬ ಹಾಡುಗಾರ್ತಿ, ದುಡ್ಡಿರುವ ಗಂಡನ್ನು ಹುಡುಕಿಕೊಂಡು ಬಂದವಳು. ಕ್ರಾಫ್ಟ್ ಎಂಬಾತ ತಾನು ಬರಹಗಾರ ಅನ್ನುತ್ತಾನೆ, ಒಬ್ಬನೇ ಚೆಸ್ ಆಡುತ್ತಾ ಕೂತಿರುತ್ತಾನೆ. ಅವನು ಪ್ಲಾಸ್ಟಿಕ್ ಸರ್ಜರಿ ಮಾಡುವ ಡಾಕ್ಟರ್, ಹಳೆಯ ನಾಜಿ. ಬಿರುಗಾಳಿಯಲ್ಲಿ ವಿಮಾನ ಇಳಿಸಿಕೊಂಡು ತೂರಾಡುತ್ತಾ ಬರುವ ಕುಡುಕ ಬಿಲ್ ಲಸ್ಕ್ ಇದ್ದಾನಲ್ಲ, ಅವನು ಕುಡಿದೇ ಇಲ್ಲ. ಅಮೆರಿಕದ ಇಮಿಗ್ರೇಷನ್ ಇಲಾಖೆಯ ಏಜೆಂಟ್ ಅವನು. ಇನ್ನು ಮಾರ್ಕ್ ಕಾರ್ಡಿಗನ್. ಸಿನಿಮಾದಲ್ಲಿ ಕತ್ತಿ ಹಿಡಿದು ಹಡಗಿನಿಂದ ಹಡಗಿಗೆ ಹಾರುವ ಹೀರೋ. ಅವನ ಪರಾಕ್ರಮವೆಲ್ಲ ಪರದೆಯ ಮೇಲೆ.

ವೇಷ ಹಾಕದವನು ಒಬ್ಬನೇ, ಮಿಲ್ನರ್. ಅವನು ಇದ್ದ ಹಾಗೇ ಇದ್ದಾನೆ. ಕೇಳಿದರೆ ಜೂಜುಕೋರ ಅನ್ನುತ್ತಾನೆ. ದುಡ್ಡಿಲ್ಲದಿದ್ದರೆ ಇಲ್ಲ ಅನ್ನುತ್ತಾನೆ. ತಮಾಷೆ ಅಂದರೆ, ಇವನ ಮುಖದ ಮೇಲೇ ಒಬ್ಬ ಗಿರಾಕಿಯ ಕಣ್ಣು ಬಿದ್ದಿದೆ. ಆ 50,000 ಡಾಲರ್ ಯಾತಕ್ಕೆ ಅನ್ನುವುದರ ಉತ್ತರ ಅದೇ. ನಿಕ್ ಫೆರಾರೋ ಎಂಬ ಮಾಫಿಯಾ ದೊರೆಯನ್ನು ಅಮೆರಿಕ ಇಟಲಿಗೆ ಗಡೀಪಾರು ಮಾಡಿದೆ. ಅವನಿಗೆ ವಾಪಸ್ ಬರಬೇಕು. ತನ್ನಷ್ಟೇ ಎತ್ತರ, ತನ್ನಂಥದ್ದೇ ಮೈಕಟ್ಟು, ಹಿಂದೆ ಮುಂದೆ ಯಾರೂ ಇಲ್ಲದ ಒಬ್ಬನ ಗುರುತು ಬೇಕು. ಮಿಲ್ನರ್ ಸತ್ತು ಹೋಗಬೇಕು, ಡಾಕ್ಟರ್ ಕ್ರಾಫ್ಟ್ ಚಾಕು ಹಿಡಿಯಬೇಕು, ಫೆರಾರೋ ಮಿಲ್ನರ್ ಆಗಿ ಗಡಿ ದಾಟಬೇಕು.

ಈ ಫೆರಾರೋ ಹಿಂದೆ ಯಾರ ನೆರಳಿದೆ ಅಂತ ಆ ಕಾಲದ ಪ್ರೇಕ್ಷಕರಿಗೆ ಹೇಳಬೇಕಾಗಿರಲಿಲ್ಲ. ಲಕ್ಕಿ ಲುಚಿಯಾನೋ ಎಂಬ ನಿಜವಾದ ಮಾಫಿಯಾ ದೊರೆಯನ್ನು 1946ರಲ್ಲಿ ಅಮೆರಿಕ ಇಟಲಿಗೆ ಸಾಗಹಾಕಿತ್ತು. ಅದೇ ವರ್ಷ ಅವನು ಕ್ಯೂಬಾಗೆ ಬಂದು ಕೂತ, ಅಮೆರಿಕದ ಮೂಗಿನ ಕೆಳಗೇ. 1947ರಲ್ಲಿ ಅವನನ್ನು ಅಲ್ಲಿಂದಲೂ ಮತ್ತೆ ಇಟಲಿಗೆ ಅಟ್ಟಬೇಕಾಯಿತು. ಗಡೀಪಾರಾದವನು ಹಿಂಬಾಗಿಲಿನಿಂದ ಬಂದೇ ಬರುತ್ತಾನೆ ಅನ್ನುವ ಭಯ ಪೇಪರುಗಳಲ್ಲಿ ಬಿಸಿಬಿಸಿಯಾಗಿತ್ತು. ಮುಖ ಬದಲಿಸುವ ಭಾಗ ಮಾತ್ರ ಸಿನಿಮಾದವರ ಮಸಾಲೆ.

ಮಿಚಮ್ ಈ ಪಾತ್ರದಲ್ಲಿ ಏನು ಮಾಡುತ್ತಾನೆ ಅಂದರೆ, ಏನೂ ಮಾಡುವುದಿಲ್ಲ. ಅರ್ಧ ಮುಚ್ಚಿದ ಕಣ್ಣು, ಉಬ್ಬಿದ ಎದೆ, ಯಾರ ಮೇಲೂ ಬೀಳದ ನೋಟ. ಬಹಳ ಜನಕ್ಕೆ ಇವನು ನಟನೆ ಮಾಡುತ್ತಿದ್ದಾನೋ ನಿದ್ದೆ ಮಾಡುತ್ತಿದ್ದಾನೋ ಅನ್ನುವ ಗುಮಾನಿ. ನನ್ನ ಮಟ್ಟಿಗೆ, ಏನೂ ಮಾಡದೆ ಪರದೆ ತುಂಬುವುದನ್ನು ಇವನಷ್ಟು ಚೆನ್ನಾಗಿ ಮಾಡಿದವರು ಕಡಿಮೆ. ಅವನ ಹಿಂದೆ ಆಗ ಒಂದು ನಿಜವಾದ ಕೇಸೂ ಇತ್ತು. 1948ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಗಾಂಜಾ ಕೇಸಿನಲ್ಲಿ ಸಿಕ್ಕಿಬಿದ್ದು, ಮರುವರ್ಷ ಜೈಲಿಗೂ ಹೋಗಿ ಬಂದಿದ್ದ. ಇವನ ಕಥೆ ಮುಗೀತು ಅಂತ ಎಲ್ಲರೂ ಅಂದರು. ಮುಗಿಯಲಿಲ್ಲ. ಜೈಲಿನಿಂದ ಬಂದ ಮೇಲೆ ಜನ ಇನ್ನೂ ಜಾಸ್ತಿ ಇಷ್ಟಪಟ್ಟರು. ಆ ತೀರ್ಪನ್ನು ಕೋರ್ಟು ರದ್ದು ಮಾಡಿದ್ದು 1951ರಲ್ಲಿ, ಈ ಸಿನಿಮಾ ಬಂದ ವರ್ಷವೇ. ಹಾಗಾಗಿ ಕಥೆಯಲ್ಲೂ ಜೈಲಿನಲ್ಲಿದ್ದು ಬಂದ ಮಿಲ್ನರ್ ಪರದೆಯ ಮೇಲೆ ಭುಜ ಕೊಡವಿದರೆ ಆ ಭುಜ ಯಾರದ್ದು ಅಂತ ಪ್ರೇಕ್ಷಕನಿಗೆ ಗೊತ್ತಿತ್ತು.

ನನಗೆ ಬಹಳ ಇಷ್ಟವಾದ ದೃಶ್ಯ ಒಂದಿದೆ. ಲೆನೋರ್ ಮಿಲ್ನರ್‌ನ ರೂಮಿಗೆ ಬರುತ್ತಾಳೆ. ಅವನು ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಿದ್ದಾನೆ. ಇಸ್ತ್ರಿ ಹಾಕುತ್ತಿರುವುದು ಬಟ್ಟೆಗಲ್ಲ, ಡಾಲರ್ ನೋಟುಗಳಿಗೆ! ಒಂದೊಂದೇ ನೋಟು ಹರಡಿ, ಸುಕ್ಕು ಬಿಡಿಸಿ, ಪಕ್ಕಕ್ಕಿಡುತ್ತಾನೆ. ಇದೇನು ಅಂತ ಅವಳು ಕೇಳಿದರೆ, ಮಾಡಲು ಕೆಲಸವಿಲ್ಲದೆ ತಲೆಯೂ ಓಡದಿದ್ದಾಗ ನೋಟಿಗೆ ಇಸ್ತ್ರಿ ಹಾಕುತ್ತೇನೆ ಅನ್ನುತ್ತಾನೆ. ದುಡ್ಡೇ ಇಲ್ಲದಾಗ? ಆಗ ಪ್ಯಾಂಟಿಗೆ.

ಕಥೆಗೆ ಈ ದೃಶ್ಯದಿಂದ ಆಗಬೇಕಾದ್ದು ಏನೂ ಇಲ್ಲ. ಕತ್ತರಿಸಿ ಎಸೆದರೂ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಸಾವು ಹತ್ತಿರ ಬರುತ್ತಿದೆ ಅಂತ ಅರ್ಧಂಬರ್ಧ ತಿಳಿದಿರುವ ಮನುಷ್ಯ, ತನ್ನ ಪ್ರಾಣಕ್ಕೆ ಕಟ್ಟಿದ ಬೆಲೆಯನ್ನು ನೀಟಾಗಿ ಮಡಿಕೆಯಿಲ್ಲದೆ ಜೋಡಿಸಿಡುತ್ತಿದ್ದಾನೆ. ಹೆದರಿದ್ದೇನೆ ಅಂತ ಬಾಯಿಬಿಟ್ಟು ಹೇಳಿಸಿದ್ದರೆ ಇದರ ಕಾಲು ಭಾಗ ಕೂಡ ತಟ್ಟುತ್ತಿರಲಿಲ್ಲ. ಇವತ್ತಿನ ಥ್ರಿಲ್ಲರ್‌ಗಳಲ್ಲಿ ಇಂಥ ದೃಶ್ಯಕ್ಕೆ ಪುರುಸೊತ್ತಿಲ್ಲ, ಅಲ್ವಾ? ಮೂರನೇ ನಿಮಿಷಕ್ಕೆ ಫೋನು ಬರುತ್ತದೆ, ಐದನೇ ನಿಮಿಷಕ್ಕೆ ಕಾರು ಉರುಳುತ್ತದೆ.

ಲೆನೋರ್ ಆಗಿರುವ ಜೇನ್ ರಸೆಲ್ ಬಗ್ಗೆ ಒಂದು ಮಾತು. ಸ್ಟುಡಿಯೋದ ಪ್ರಚಾರವೆಲ್ಲ ಆಕೆಯ ಮೈಮಾಟದ ಮೇಲೆ ನಡೆಯಿತು. ಸಿನಿಮಾ ನೋಡಿದರೆ ಕಾಣುವುದು ಬೇರೆ. ಆಕೆಗೆ ಒಣ ತಮಾಷೆ ಚೆನ್ನಾಗಿ ಒಗ್ಗುತ್ತದೆ. ಮಿಚಮ್ ಜೊತೆ ನಿಂತಾಗ ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಸಲು ಹೋಗುವುದಿಲ್ಲ. ಹಳೆಯ ಸ್ನೇಹಿತರು ಕಾಲೆಳೆದುಕೊಂಡ ಹಾಗೆ ಮಾತಾಡುತ್ತಾರೆ. ಅದು ಪ್ರೇಮವಾಗಿದ್ದು ಯಾವಾಗ ಅಂತ ನಮಗೆ ಗೊತ್ತಾಗುವುದೇ ಇಲ್ಲ, ಅವರಿಗೂ ಗೊತ್ತಾಗಿರಲಿಕ್ಕಿಲ್ಲ. ಮುಂದಿನ ವರ್ಷ 'ಮಕಾವ್' ಸಿನಿಮಾದಲ್ಲಿ ಇವರನ್ನೇ ಮತ್ತೆ ಜೋಡಿ ಮಾಡಿದ್ದು ಆಶ್ಚರ್ಯವಲ್ಲ.

ಈಗ ಕಾರ್ಡಿಗನ್. ಈ ಸಿನಿಮಾವನ್ನು ಇಷ್ಟೊಂದು ವಿಚಿತ್ರ ಮಾಡಿದವನು, ಇಷ್ಟೊಂದು ಪ್ರಿಯ ಮಾಡಿದವನೂ ಅವನೇ.

ಆ ಪಾತ್ರ ಮಾಡಿದ ವಿನ್ಸೆಂಟ್ ಪ್ರೈಸ್ ಅಂದರೆ ಬಹಳ ಜನಕ್ಕೆ ನೆನಪಾಗುವುದು ಹಾರರ್. ಮೈಕಲ್ ಜಾಕ್ಸನ್‌ನ 'ಥ್ರಿಲ್ಲರ್' ಹಾಡಿನ ಕೊನೆಯಲ್ಲಿ ಬೆನ್ನುಹುರಿ ನಡುಗಿಸುವ ನಗು ಕೇಳುತ್ತದಲ್ಲ, ಅದು ಇವನದೇ. ಆದರೆ 1951ರಲ್ಲಿ ಅವನಿಗೆ ಇನ್ನೂ ಆ ಮುದ್ರೆ ಬಿದ್ದಿರಲಿಲ್ಲ. ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿದವನು, ಚಿತ್ರಕಲೆಯ ಹುಚ್ಚಿನವನು, ಬ್ರಾಡ್‌ವೇ ರಂಗಭೂಮಿಯಲ್ಲಿ ಹೆಸರು ಮಾಡಿದವನು. ರಂಗದ ಮೇಲೆ ಮೈ ಮರೆತು ಆರ್ಭಟಿಸುವ ನಟರನ್ನು ಹತ್ತಿರದಿಂದ ಕಂಡಿದ್ದ. ಅವರನ್ನೆಲ್ಲಾ ಸೇರಿಸಿ ಕಾರ್ಡಿಗನ್ ಮಾಡಿದ ಅನ್ನಿಸುತ್ತದೆ ನನಗೆ.

ಕಾರ್ಡಿಗನ್ ತನ್ನದೇ ಸಿನಿಮಾವನ್ನು ಲಾಡ್ಜಿನ ಅತಿಥಿಗಳಿಗೆ ಹಾಕಿ ತೋರಿಸುತ್ತಾನೆ. ಅವರೆಲ್ಲ ಆಕಳಿಸುತ್ತಾ ಕೂತರೆ ಇವನು ಮಾತ್ರ ತನ್ನನ್ನು ತಾನೇ ಕಣ್ಣು ಮಿಟುಕಿಸದೆ ನೋಡುತ್ತಾನೆ. ಲೆನೋರ್ ಬಲೆ ಬೀಸಿರುವುದು ಇವನ ಮೇಲೆ. ಆದರೆ ಇವನಿಗೆ ಹೆಂಡತಿ ಇದ್ದಾಳೆ, ಡೈವೋರ್ಸ್ ಇನ್ನೂ ಆಗಿಲ್ಲ. ಅಷ್ಟರಲ್ಲಿ ಹೆಂಡತಿಯೇ ಇವನ ಮ್ಯಾನೇಜರ್ ಜೊತೆ ಬಂದಿಳಿಯುತ್ತಾಳೆ. ಒಟ್ಟಿನಲ್ಲಿ ಬದುಕಿನಲ್ಲಿ ಯಾವ ಕೆಲಸವೂ ನೆಟ್ಟಗಾಗದ ದೊಡ್ಡ ಮಗು. ಬೇಟೆಗೆ ಬಂದೂಕು ಹಿಡಿಯುವುದೊಂದು ಮಾತ್ರ ನಿಜವಾಗಿಯೂ ಬರುತ್ತದೆ.

ಕೊನೆಯ ಭಾಗದಲ್ಲಿ ಫೆರಾರೋನ ಐಷಾರಾಮಿ ಯಾಟ್ ಬಂದು ಸಮುದ್ರದಲ್ಲಿ ಲಂಗರು ಹಾಕುತ್ತದೆ. ಮಿಲ್ನರ್ ಅವರ ಕೈಗೆ ಸಿಕ್ಕಿಬೀಳುತ್ತಾನೆ. ವಿಷಯ ಕಾರ್ಡಿಗನ್ ಕಿವಿಗೆ ಬೀಳುತ್ತದೆ. ಬೇರೆ ಯಾರಾದರೂ ಆಗಿದ್ದರೆ ಹೆದರುತ್ತಿದ್ದರು. ಇವನ ಮುಖ ಅರಳುತ್ತದೆ! ಇಷ್ಟು ವರ್ಷ ನಕಲಿ ಕತ್ತಿ ಹಿಡಿದು ನಕಲಿ ವೈರಿಗಳನ್ನು ಕೊಂದವನಿಗೆ ಕೊನೆಗೂ ಅಸಲಿ ವೈರಿ ಸಿಕ್ಕಿದ್ದಾನೆ. ಬಂದೂಕು ತಗೊಳ್ಳುತ್ತಾನೆ, ಭುಜಕ್ಕೆ ಒಂದು ಕೇಪ್ ಏರುತ್ತದೆ, ಬಾಯಿಗೆ ಹ್ಯಾಮ್ಲೆಟ್ ಬರುತ್ತಾನೆ. ಗುಂಡು ಹಾರಿಸುತ್ತಾ ಷೇಕ್ಸ್‌ಪಿಯರ್ ಒದರುತ್ತಾನೆ. ಮೆಕ್ಸಿಕನ್ ಪೊಲೀಸರನ್ನೂ ಕೈಗೆ ಸಿಕ್ಕವರನ್ನೂ ಸೇರಿಸಿ ಒಂದು ದಂಡು ಕಟ್ಟುತ್ತಾನೆ. ಬದುಕಿ ಉಳಿದವರಿಗೆ ನನ್ನ ಮುಂದಿನ ಪಿಕ್ಚರ್‌ನಲ್ಲಿ ಪಾರ್ಟು ಅಂತ ಭರವಸೆ ಕೊಡುತ್ತಾನೆ. ಎಲ್ಲರೂ ಒಂದೇ ದೋಣಿಗೆ ಹತ್ತುತ್ತಾರೆ. ಕಾರ್ಡಿಗನ್ ದೋಣಿಯ ಮೂತಿಯಲ್ಲಿ ಎದೆ ಸೆಟೆಸಿ ನಿಲ್ಲುತ್ತಾನೆ. ದೋಣಿ ಭಾರಕ್ಕೆ ಸೀದಾ ಮುಳುಗುತ್ತದೆ. ಅವನು ಮಾತ್ರ ನಿಂತ ಭಂಗಿ ಬಿಡದೆ ನೀರೊಳಕ್ಕೆ ಇಳಿಯುತ್ತಾ ಹೋಗುತ್ತಾನೆ.

ರಾತ್ರಿಯಿಡೀ ನಡೆಯುವ ಯಕ್ಷಗಾನದಲ್ಲಿ ಹಾಸ್ಯಗಾರ ಪ್ರಸಂಗವನ್ನೇ ತನ್ನ ಹೆಗಲಿಗೆ ಹಾಕಿಕೊಂಡು ಹೋಗಿಬಿಡುವ ಒಂದು ಹೊತ್ತು ಬರುತ್ತದಲ್ಲ, ಭಾಗವತರೂ ಅವನಿಗೆ ಬಿಟ್ಟುಕೊಡುವ ಹೊತ್ತು? ಇಲ್ಲಿ ಆಗುವುದು ಹಾಗೇ. ಇದುವರೆಗೆ ಮಿಚಮ್ ಸಿನಿಮಾ ಆಗಿದ್ದದ್ದು ನೋಡನೋಡುತ್ತಿದ್ದಂತೆ ಪ್ರೈಸ್ ಸಿನಿಮಾ ಆಗುತ್ತದೆ.

ಆದರೆ ಸಿನಿಮಾ ಮಿಲ್ನರ್‌ನನ್ನು ಮರೆತಿಲ್ಲ. ದೋಣಿ ಮುಳುಗಿ ನಾವು ನಗುತ್ತಿರುವಾಗಲೇ ಯಾಟ್‌ನೊಳಗೆ ಅವನ ಅಂಗಿ ಬಿಚ್ಚಿ ಬೆಲ್ಟಿನಿಂದ ಬಾರಿಸುತ್ತಿರುತ್ತಾರೆ. ಅವನನ್ನು ಉಗಿ ತುಂಬಿದ ಕೋಣೆಗೆ ನೂಕುತ್ತಾರೆ. ಪ್ರಜ್ಞೆ ತಪ್ಪಿದವನನ್ನು ಕೊಲ್ಲಲು ಫೆರಾರೋಗೆ ಮನಸ್ಸಿಲ್ಲ. ಎಚ್ಚರವಾಗಲಿ, ಗುಂಡು ಬರುವುದನ್ನು ಕಣ್ಣಾರೆ ನೋಡಲಿ ಅಂತ ಕಾಯುತ್ತಾನೆ. ಇಂಜೆಕ್ಷನ್ ಹಿಡಿದು ಡಾಕ್ಟರ್ ಇನ್ನೊಂದು ಕಡೆ. ಇಲ್ಲಿ ತಮಾಷೆಯ ಸೋಂಕೂ ಇಲ್ಲ, ಆ ಕಾಲಕ್ಕೆ ಸಾಕಷ್ಟು ಕ್ರೂರವಾದ ದೃಶ್ಯಗಳಿವು. ಒಂದು ಶಾಟ್‌ನಲ್ಲಿ ಬೆನ್ನ ಮೇಲೆ ಬಾಸುಂಡೆ, ಇನ್ನೊಂದು ಶಾಟ್‌ನಲ್ಲಿ ಹ್ಯಾಮ್ಲೆಟ್. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ಮೊದಲ ಸಲ ನೋಡಿದವರಿಗೆ ಎರಡು ಬೇರೆ ಬೇರೆ ಸಿನಿಮಾದ ರೀಲುಗಳು ಕಲಸಿಹೋಗಿವೆಯೇನೋ ಅನ್ನಿಸಿದರೆ ಅದು ಅವರ ತಪ್ಪಲ್ಲ. ಒಂದು ಲೆಕ್ಕದಲ್ಲಿ ಆಗಿದ್ದೂ ಅದೇ.

ಆರ್‌ಕೆಒ ಸ್ಟುಡಿಯೋವನ್ನು 1948ರಲ್ಲಿ ಕೊಂಡವನು ಹೋವರ್ಡ್ ಹ್ಯೂಸ್. ವಿಮಾನ ಕಂಪನಿಯ ಮಾಲೀಕ, ದೊಡ್ಡ ಶ್ರೀಮಂತ, ದೊಡ್ಡ ತಿಕ್ಕಲ. ಮರದಲ್ಲಿ ಒಂದು ದೈತ್ಯ ವಿಮಾನ ಕಟ್ಟಿಸಿ, 1947ರಲ್ಲಿ ಅದನ್ನು ಒಂದೇ ಒಂದು ಸಲ ಹಾರಿಸಿ ನಿಲ್ಲಿಸಿದವನು. ಸಿನಿಮಾವನ್ನೂ ವಿಮಾನದ ಹಾಗೇ ಬಿಚ್ಚುವುದು, ಜೋಡಿಸುವುದು, ಮತ್ತೆ ಬಿಚ್ಚುವುದು ಅವನ ಚಾಳಿ. 'ಹಿಸ್ ಕೈಂಡ್ ಆಫ್ ವುಮನ್' ಅನ್ನು ನಿರ್ದೇಶಿಸಿ ಮುಗಿಸಿದ್ದವನು ಜಾನ್ ಫ್ಯಾರೋ. ಸಿಡ್ನಿಯಲ್ಲಿ ಹುಟ್ಟಿದವನು, ನಟಿ ಮಿಯಾ ಫ್ಯಾರೋಳ ಅಪ್ಪ. ಪರದೆಯ ಮೇಲೆ ನಿರ್ದೇಶಕ ಅಂತ ಇವತ್ತಿಗೂ ಬರುವುದು ಅವನ ಹೆಸರೊಂದೇ. ಅವನ ಯಾಟ್ ದೃಶ್ಯ ಸಣ್ಣದಾಗಿ, ಚೊಕ್ಕವಾಗಿ ಇತ್ತು. ಹ್ಯೂಸ್‌ಗೆ ಅದು ಸಾಲಲಿಲ್ಲ.

ರಿಪೇರಿಗೆ ಕರೆದದ್ದು ರಿಚರ್ಡ್ ಫ್ಲೈಶರ್ ಎಂಬ ಎಳೆಯ ನಿರ್ದೇಶಕನನ್ನು. ಬೆಟ್ಟಿ ಬೂಪ್ ಕಾರ್ಟೂನುಗಳ ಮ್ಯಾಕ್ಸ್ ಫ್ಲೈಶರ್‌ನ ಮಗ ಇವನು. ಮುಂದೆ ದೊಡ್ಡ ದೊಡ್ಡ ಸಿನಿಮಾ ಮಾಡಿದ. ಆಗ ಮಾತ್ರ ಅವನ ಜುಟ್ಟು ಹ್ಯೂಸ್ ಕೈಯಲ್ಲಿತ್ತು. ಹೇಗೆ ಅನ್ನುವುದನ್ನು ಸ್ವಲ್ಪ ಹೊತ್ತಿನಲ್ಲಿ ಹೇಳುತ್ತೇನೆ. 1993ರಲ್ಲಿ ಬಂದ ತನ್ನ ಆತ್ಮಕಥೆಯಲ್ಲಿ ಅವನು ಈ ರಾಮಾಯಣವನ್ನು ಸಾವಕಾಶವಾಗಿ ಬರೆದಿದ್ದಾನೆ. ಕೆಲವೇ ದಿನದ ಕೆಲಸ ಅಂತ ಹೋದದ್ದು ತಿಂಗಳುಗಟ್ಟಲೆ ಎಳೆಯಿತು. ಹ್ಯೂಸ್ ಜೊತೆ ಗಂಟೆಗಟ್ಟಲೆ ಮೀಟಿಂಗು. ಕಾರ್ಡಿಗನ್ ಪಾತ್ರ ಹ್ಯೂಸ್‌ಗೆ ಎಷ್ಟು ಹಿಡಿಸಿತೆಂದರೆ ಅದು ಪ್ರತಿ ಮೀಟಿಂಗಿನಲ್ಲೂ ಬೆಳೆಯಿತು. ದೋಣಿ ಮುಳುಗುವಂಥ ಚೇಷ್ಟೆಗಳೆಲ್ಲ ಹುಟ್ಟಿದ್ದು ಈ ಕಾಲದಲ್ಲಿ. ದೃಶ್ಯ ಬೆಳೆದ ಮೇಲೆ ಇದ್ದ ಸೆಟ್ಟು ಸಾಲುವುದಿಲ್ಲ ಅಂತಾಯಿತು. ಸ್ಟುಡಿಯೋದ ನೀರಿನ ತೊಟ್ಟಿಯಲ್ಲಿ ಯಾಟನ್ನೇ ಕಟ್ಟಿಸಿದರು.

ಅಷ್ಟೆಲ್ಲಾ ಆದ ಮೇಲೆ ಹ್ಯೂಸ್‌ಗೆ ಫೆರಾರೋ ಪಾತ್ರದ ನಟ ಸರಿಯಿಲ್ಲ ಅನ್ನಿಸಿತು. ಫ್ಯಾರೋ ಚಿತ್ರಿಸಿದ್ದಾಗ ಅದನ್ನು ಮಾಡಿದ್ದವನು ಹೋವರ್ಡ್ ಪೆಟ್ರಿ. ಅವನನ್ನು ತೆಗೆದು ಬೇರೊಬ್ಬನನ್ನು ಹಾಕಿದರು, ಮತ್ತೆ ಚಿತ್ರೀಕರಣ. ಅವನೂ ಬೇಡ ಅಂತಾಗಿ ಕೊನೆಗೆ ರೇಮಂಡ್ ಬರ್ ಬಂದ. ಫೆರಾರೋ ಇದ್ದ ದೃಶ್ಯಗಳನ್ನೆಲ್ಲ ಮತ್ತೆ ತೆಗೆದರು. ಮುಖ ಬದಲಿಸಿಕೊಳ್ಳಲು ಒದ್ದಾಡುವ ಖಳನ ಕಥೆಯಲ್ಲಿ ಖಳನ ಮುಖವೇ ಬದಲಾಗುತ್ತಾ ಹೋಯಿತು! ಡಾಕ್ಟರ್ ಕ್ರಾಫ್ಟ್ ಕೈಯಲ್ಲಿ ಆಗದ ಆಪರೇಷನ್ನು ಹ್ಯೂಸ್ ಕೈಯಲ್ಲಿ ಆಯಿತು. ಇದನ್ನು ಓದಿದ ಮೇಲೆ ನನಗೆ ಫೆರಾರೋನ ದೃಶ್ಯಗಳು ಮೊದಲಿನ ಹಾಗೆ ಕಾಣುವುದೇ ಇಲ್ಲ. ರೇಮಂಡ್ ಬರ್‌ನ ಆ ಭಾರದ ದೇಹ, ಉರಿಯುವ ಕಣ್ಣು ನೋಡಿದರೆ, ಇವನ ಹಿಂದೆ ಇನ್ನೂ ಬೇರೆ ಮುಖಗಳು ಮೇಕಪ್ ತೆಗೆದು ಮನೆಗೆ ಹೋಗಿವೆ ಅನ್ನುವುದು ನೆನಪಾಗುತ್ತದೆ. ಅಂದಹಾಗೆ ಇದೇ ಬರ್ ಕೆಲವು ವರ್ಷದಲ್ಲಿ ಟಿವಿಯ ಪೆರಿ ಮೇಸನ್ ಆಗಿ ಕೋರ್ಟಿನಲ್ಲಿ ನಿರಪರಾಧಿಗಳನ್ನು ಬಿಡಿಸುತ್ತಾ ಅಮೆರಿಕದ ಮನೆಮನೆಯ ವಕೀಲನಾದ.

ಇಷ್ಟೆಲ್ಲಾ ರೀಶೂಟ್ ಆದರೆ ಪೆಟ್ಟು ತಿನ್ನುವವನು ಯಾರು? ಮಿಚಮ್. ಅದೇ ಯಾಟ್, ಅದೇ ಹೊಡೆದಾಟ, ತಿಂಗಳ ಮೇಲೆ ತಿಂಗಳು. ಪರದೆಯ ಮೇಲೆ ಯಾವುದಕ್ಕೂ ಜಗ್ಗದ ಈ ಮನುಷ್ಯನ ತಾಳ್ಮೆ ಒಂದು ದಿನ ಕಿತ್ತುಹೋಯಿತು. ಕುಡಿದಿದ್ದ. ಸೆಟ್ಟಿನಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಎತ್ತಿ ಒಗೆದು ಪುಡಿ ಮಾಡಿದ ಅಂತ ಫ್ಲೈಶರ್ ಬರೆದಿದ್ದಾನೆ. ಕೊನೆಯ ಹೊಡೆದಾಟದಲ್ಲಿ ಮಿಲ್ನರ್ ಮುಖದ ಮೇಲೆ ಒಂದು ನಿಜವಾದ ಸುಸ್ತು ಇದೆ. ಅದು ನಟನೆ ಇರಲಾರದು ಅಂತ ನನ್ನ ಗುಮಾನಿ.

ಈಗ ಫ್ಲೈಶರ್‌ನ ಜುಟ್ಟಿನ ವಿಷಯ. ಅವನು 1950ರಲ್ಲಿ 'ದಿ ನ್ಯಾರೋ ಮಾರ್ಜಿನ್' ಅಂತ ಒಂದು ಸಣ್ಣ ಬಜೆಟ್ಟಿನ ಥ್ರಿಲ್ಲರ್ ಮಾಡಿ ಮುಗಿಸಿದ್ದ. 71 ನಿಮಿಷ. ಒಂದು ರೈಲು, ಒಬ್ಬ ಪೊಲೀಸ್, ಸಾಕ್ಷಿ ಹೇಳಲು ಹೊರಟ ಒಬ್ಬ ಗ್ಯಾಂಗ್‌ಸ್ಟರ್‌ನ ವಿಧವೆ, ಅವಳನ್ನು ಕೊಲ್ಲಲು ಹತ್ತಿದ ಬಾಡಿಗೆ ಹಂತಕರು. ಎಲ್ಲೂ ಒಂದು ಹನಿ ಕೊಬ್ಬಿಲ್ಲ. ಹ್ಯೂಸ್ ಅದನ್ನು ನೋಡಿದ, ಇಷ್ಟಪಟ್ಟ, ಅದೇ ತೊಂದರೆಯಾಯಿತು. ಬಿಡುಗಡೆ ಮಾಡದೆ ಇಟ್ಟುಕೊಂಡ. ಅದನ್ನೇ ಮಿಚಮ್, ರಸೆಲ್ ಇಬ್ಬರನ್ನೂ ಹಾಕಿ ಮೊದಲಿನಿಂದ ದೊಡ್ಡದಾಗಿ ತೆಗೆದರೆ ಹೇಗೆ ಅನ್ನುವ ಯೋಚನೆ ಅವನಿಗೆ. ಫ್ಲೈಶರ್ ಹೌಹಾರಿದ. ಕೊನೆಗೆ ಒಂದು ಒಪ್ಪಂದವಾಯಿತು. ಇವನು 'ಹಿಸ್ ಕೈಂಡ್ ಆಫ್ ವುಮನ್' ರಿಪೇರಿ ಮಾಡಿಕೊಡಬೇಕು, ಹ್ಯೂಸ್ ಆ ರೈಲಿನ ಸಿನಿಮಾವನ್ನು ಮುಟ್ಟದೆ ಬಿಡಬೇಕು. 'ದಿ ನ್ಯಾರೋ ಮಾರ್ಜಿನ್' 1952ರಲ್ಲಿ ಹೊರಬಂತು. ಇವತ್ತಿಗೂ ಜನ ಅದನ್ನು ಹೊಗಳುತ್ತಾರೆ.

ಇನ್ನೊಂದು ಸ್ವಾರಸ್ಯ. ಆ ರೈಲಿನ ಸಿನಿಮಾದಲ್ಲಿ ಪೊಲೀಸ್ ಆಗಿರುವ ಚಾರ್ಲ್ಸ್ ಮೆಗ್ರಾ ಇಲ್ಲಿ ಫೆರಾರೋ ಕಡೆಯ ಥಾಂಪ್ಸನ್. ಕಲ್ಲು ಉಜ್ಜಿದಂಥ ದನಿ. ಬಂಡೆಗಳ ನಡುವೆ ಕಾರ್ಡಿಗನ್ ಬಂದೂಕು ಹಿಡಿದು ಎದುರಿಸುವುದು ಇವನನ್ನೇ.

ಈ ಸಿನಿಮಾದ ಹುಳುಕುಗಳನ್ನೂ ಹೇಳಿಬಿಡಬೇಕು. ಮಧ್ಯದಲ್ಲಿ ಒಂದಷ್ಟು ಹೊತ್ತು ಅದು ನಿಜವಾಗಿಯೂ ನಿಂತ ನೀರಾಗುತ್ತದೆ. ಹೊಸದಾಗಿ ಮದುವೆಯಾದ ಹುಡುಗ ಇಸ್ಪೀಟಿನಲ್ಲಿ ದುಡ್ಡು ಕಳೆದುಕೊಳ್ಳುವ ಒಂದು ಉಪಕಥೆ ಬರುತ್ತದೆ. ಮಿಲ್ನರ್ ಅವನ ದುಡ್ಡು ವಾಪಸ್ ಬರುವ ಹಾಗೆ ಮಾಡುತ್ತಾನೆ. ಮಿಲ್ನರ್ ಒಳ್ಳೆಯವನು ಅಂತ ನಮಗೆ ತೋರಿಸಲು ಅದು, ಆದರೆ ಅಷ್ಟು ಹೊತ್ತಿಗೆ ಅದು ನಮಗೆ ಗೊತ್ತಾಗಿರುತ್ತದೆ. ಮೆಕ್ಸಿಕೋ ಅಂತ ತೋರಿಸುವುದು ಸ್ಟುಡಿಯೋದ ಮೆಕ್ಸಿಕೋ. ಅಲ್ಲಿನ ಪೊಲೀಸರು ಬರುವುದು ನಗಿಸಲು ಮಾತ್ರ. ಇಡೀ ಗಲಾಟೆ ಅವರ ನೆಲದಲ್ಲೇ ನಡೆದರೂ ಅವರಿಗೆ ಅದರಲ್ಲಿ ಸಿಗುವುದು ಮುಳುಗುವ ದೋಣಿ. ಹ್ಯೂಸ್ ಹಿಗ್ಗಿಸಿದ ಕ್ಲೈಮ್ಯಾಕ್ಸ್‌ನಲ್ಲಿ ಹೆಚ್ಚು ಪೆಟ್ಟು ಬಿದ್ದದ್ದು ಜೇನ್ ರಸೆಲ್‌ಗೆ. ಸಿನಿಮಾದ ಹೆಸರೇ ಅವಳ ಪಾತ್ರದ ಮೇಲಿದೆ. ಕೊನೆಯ ಭಾಗದಲ್ಲಿ ನಾನೂ ಬರುತ್ತೇನೆ ಅಂದವಳನ್ನು ಕಾರ್ಡಿಗನ್ ಕಪಾಟಿನೊಳಗೆ ಹಾಕಿ ಬಾಗಿಲು ಬಡಿದು ಹೋಗುತ್ತಾನೆ! ಅವನ ಪಾತ್ರಕ್ಕೆ ತಕ್ಕ ತಮಾಷೆ ಅದು, ನಗುವೂ ಬರುತ್ತದೆ. ಆದರೆ ಸಿನಿಮಾ ಕೂಡ ಅವಳನ್ನು ಅಲ್ಲೇ ಬಿಟ್ಟು ಮರೆಯುತ್ತದೆ. ಮೊದಲ ಅರ್ಧದಲ್ಲಿ ಮಿಚಮ್‌ಗೆ ಸರಿಸಮನಾಗಿ ಮಾತು ಕೊಟ್ಟ ಹೆಣ್ಣಿಗೆ ಇದು ನ್ಯಾಯವಲ್ಲ.

ನನ್ನ ಹಳೆಯ ಸಿನಿಮಾ ಸ್ನೇಹಿತನೊಬ್ಬನಿಗೆ ಈ ಸಿನಿಮಾ ಅಂದರೆ ಆಗುವುದಿಲ್ಲ. ಅವನದು ಶಿಸ್ತಿನ ಪಕ್ಷ. ಹ್ಯೂಸ್ ಕೈ ಹಾಕದೆ ಫ್ಯಾರೋ ಮಾಡಿದ್ದನ್ನೇ ಬಿಟ್ಟಿದ್ದರೆ ಒಂದೂವರೆ ಗಂಟೆಯ ಬಿಗಿಯಾದ ಥ್ರಿಲ್ಲರ್ ಸಿಗುತ್ತಿತ್ತು, ಈ ತಿಕ್ಕಲ ಅದನ್ನು ಕೆಡಿಸಿದ ಅಂತ ಅವನ ವಾದ. 'ದಿ ನ್ಯಾರೋ ಮಾರ್ಜಿನ್' ತೋರಿಸಿ, ನೋಡು, ಹ್ಯೂಸ್ ಮುಟ್ಟದೆ ಬಿಟ್ಟಿದ್ದಕ್ಕೆ ಇದು ಉಳಿಯಿತು ಅನ್ನುತ್ತಾನೆ. ಅವನ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಆ ಸಿನಿಮಾ ಉತ್ತಮ ಅನ್ನುವುದರಲ್ಲಿ ನನಗೂ ಜಗಳವಿಲ್ಲ.

ಆದರೆ ಹ್ಯೂಸ್ ಕೈ ಹಾಕದಿದ್ದರೆ ನಮಗೆ ಈ ಕಾರ್ಡಿಗನ್ ಸಿಗುತ್ತಿರಲಿಲ್ಲ. ಒಂದು ಮೂಲೆಯಲ್ಲಿ ನಾಲ್ಕು ಮಾತಾಡಿ ಹೋಗುವ ಹಾಸ್ಯಪಾತ್ರವಾಗಿ ಉಳಿಯುತ್ತಿದ್ದ. ಕೋಟಿಗಟ್ಟಲೆ ದುಡ್ಡಿರುವ, ಯಾರೂ ಬೇಡ ಅನ್ನಲಾರದ ಒಬ್ಬ ಮಾಲೀಕನಿಗೆ ಹುಚ್ಚು ಹಿಡಿದದ್ದಕ್ಕೆ, ಸುಳ್ಳು ವೀರನೊಬ್ಬನಿಗೆ ನಿಜವಾಗಿ ವೀರನಾಗುವ ಅರ್ಧ ಗಂಟೆ ಸಿಕ್ಕಿತು. ಪ್ರೈಸ್ ಅದನ್ನು ಬರೀ ಗೇಲಿ ಮಾಡಿ ಮುಗಿಸಲಿಲ್ಲ. ಗುಂಡು ತಗುಲಿದ ಮೇಲೆ ಕಾರ್ಡಿಗನ್ ಮುಖ ನೋಡಿ. ನೋವಾಗಿದೆ, ಆಶ್ಚರ್ಯವೂ ಆಗಿದೆ, ಅದರ ಕೆಳಗೆ ಖುಷಿ ಇದೆ. ಓಹೋ, ನಿಜವಾದ ಗುಂಡು ಅಂದರೆ ಹೀಗಿರುತ್ತದಾ ಅನ್ನುವಂಥ ಖುಷಿ. ಓವರ್ ಆಕ್ಟಿಂಗ್ ಮಾಡುವವನ ಪಾತ್ರವನ್ನು ಓವರ್ ಆಗದಂತೆ ಮಾಡುವುದು ಸಣ್ಣ ಕೆಲಸವಲ್ಲ. 1973ರಲ್ಲಿ 'ಥಿಯೇಟರ್ ಆಫ್ ಬ್ಲಡ್' ಸಿನಿಮಾದಲ್ಲಿ ಪ್ರೈಸ್ ತನ್ನನ್ನು ಟೀಕಿಸಿದ ವಿಮರ್ಶಕರನ್ನು ಷೇಕ್ಸ್‌ಪಿಯರ್ ನಾಟಕದ ಸಾವುಗಳ ಮಾದರಿಯಲ್ಲೇ ಕೊಲ್ಲುವ ನಟನಾದ. ಅದನ್ನು ಮೆಚ್ಚಿದವರು ಇಲ್ಲಿಗೆ ಬಂದು ನೋಡಬೇಕು.

ಮಿಚಮ್ ಏನೂ ಮಾಡದೆ ನಿಲ್ಲುವುದೂ ಪ್ರೈಸ್ ಎಲ್ಲವನ್ನೂ ಮಾಡುವುದೂ ಒಂದೇ ಸಿನಿಮಾದಲ್ಲಿ ಇವೆ. ಇಬ್ಬರೂ ಒಟ್ಟಿಗೆ ಇರುವ ದೃಶ್ಯಗಳಲ್ಲಿ ಮಿಚಮ್ ಇವನನ್ನು ನೋಡುವ ರೀತಿ ನೋಡಿ, ಮಳೆ ನೋಡುವ ಹಾಗೆ ನೋಡುತ್ತಾನೆ, ನಿಲ್ಲಿಸಲು ಹೋಗುವುದಿಲ್ಲ. ಯಾರಾದರೂ ಸಿನಿಮಾ ನಟನೆ ಅಂದರೆ ಇದೇ ಸರಿ, ಅದೇ ಸರಿ ಅಂತ ವಾದ ಹೂಡಿದರೆ ಅವರ ಮುಂದೆ ಇದನ್ನು ಹಾಕಿ ಕೂರಿಸಬಹುದು.

ನೋಡುವುದಾದರೆ ಎರಡು ಗಂಟೆ ಬಿಡುವು ಮಾಡಿಕೊಂಡೇ ಕೂರಿ. ವೇಗ ಹೆಚ್ಚಿಸಿ ನೋಡಿದರೆ ಪ್ರಯೋಜನವಿಲ್ಲ, ಅಡ್ಡಾದಿಡ್ಡಿ ಅಡ್ಡಾಡುವುದೇ ಅದರ ಗುಣ. ಬಿರುಗಾಳಿಯಲ್ಲಿ ವಿಮಾನ ಇಳಿಯುವವರೆಗೆ ತಾಳ್ಮೆ ಇಟ್ಟುಕೊಂಡರೆ ಆಮೇಲೆ ಅದೇ ಕರೆದುಕೊಂಡು ಹೋಗುತ್ತದೆ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಕೂರಿಸಿಕೊಳ್ಳಿ, ಬೆಲ್ಟಿನ ದೃಶ್ಯ ಬಂದಾಗ ಒಂದು ಮಾತು ಮೊದಲೇ ಹೇಳಿಬಿಡಿ. ನನ್ನ ಸ್ನೇಹಿತನ ಹಾಗೆ ನಿಮಗೂ ಹಿಡಿಸದಿದ್ದರೆ ಆ 71 ನಿಮಿಷದ ರೈಲು ಇದ್ದೇ ಇದೆ.